ಈರುಳ್ಳಿ ಕೆಂಪಾಗುವಷ್ಟು ಹೊತ್ತು: ಹದಿಹರೆಯದವರೊಂದಿಗೆ ಅಡುಗೆ ಮಾಡಿದ ನನ್ನ ಅನುಭವ

ಹದಿಹರೆಯದವರನ್ನು ವಾರಕ್ಕೊಂದು ಸಂಜೆ ಮನೆಗೆ ಕರೆದು ಅವರ ಕೈಯಲ್ಲೇ ಅಡುಗೆ ಮಾಡಿಸುತ್ತೇನೆಂದು ನಾನು ಹೇಳಿದಾಗ, ನನ್ನಂತೆಯೇ ಈ ವಯಸ್ಸಿನವರೊಂದಿಗೆ ಕೆಲಸ ಮಾಡುವ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಮಕ್ಕಳು ಉಂಡು ಹೋಗುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ, ಮೇಲಾಗಿ ಚಾಕು ಮತ್ತು ಬೆಂಕಿಯ ಹೊಣೆ ಯಾರದು ಎಂದು ಕೇಳಿದರು. ಈಗ ಮೂರು ವರ್ಷಗಳ ಮೇಲಾಯಿತು. ಹತ್ತು ಹನ್ನೆರಡು ಮಂದಿಯಲ್ಲಿ ಏಳೆಂಟು ಜನರಾದರೂ ತಪ್ಪದೆ ಬರುತ್ತಾರೆ. ಎದುರುಬದುರು ಕೂರಿಸಿ ಕೇಳಿದಾಗ ತುಟಿ ಬಿಚ್ಚದವರು ಒಲೆಯ ಮುಂದೆ ತಾವಾಗಿಯೇ ಮಾತನಾಡುತ್ತಾರೆ. ಅಂದು ಅನುಮಾನಿಸಿದವರಲ್ಲಿ ಇಬ್ಬರು ಈಗ ತಮ್ಮ ಮನೆಗಳಲ್ಲಿಯೂ ಇದನ್ನು ಆರಂಭಿಸಿದ್ದಾರೆ ಎಂಬುದನ್ನು ಸಂತೋಷದಿಂದಲೇ ಹೇಳುತ್ತೇನೆ.

ಮೊದಲ ಕೆಲವು ತಿಂಗಳು ಹಣ ನೀರಿನಂತೆ ಖರ್ಚಾಯಿತು. ಮಕ್ಕಳು ವಿಡಿಯೋಗಳಲ್ಲಿ ಕಂಡ ತಿನಿಸುಗಳನ್ನೇ ಬಯಸುತ್ತಿದ್ದರು. ಅವುಗಳಿಗೆ ಹದಿನೈದರಷ್ಟು ಸಾಮಗ್ರಿ ಬೇಕಾಗುತ್ತಿತ್ತು, ಒಂದು ಚಮಚ ಬಳಸಿದ ಸಾಸ್ ಬಾಟಲಿಗಳು ಕಪಾಟಿನಲ್ಲಿಯೇ ಉಳಿಯುತ್ತಿದ್ದವು, ಮತ್ತು ತಿಂಗಳ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಇಂತಹ ಬಾಟಲಿಗಳಿಗೆ ಮತ್ತು ಚೀಸ್‌ಗೆ ಹೋಗುತ್ತಿತ್ತು. ಆ ಬಳಿಕ ಕೇಕ್ ಮಾಡಿಸಿ ನೋಡಿದೆ. ಓವನ್ನಿನ ಬಾಗಿಲು ಮುಚ್ಚಿದೊಡನೆ ಕೈಗೆ ಕೆಲಸವಿಲ್ಲದೆ, ಮುಂದಿನ ನಲವತ್ತು ನಿಮಿಷ ಎಲ್ಲರ ಕಣ್ಣೂ ಫೋನಿನ ಮೇಲಿರುತ್ತಿತ್ತು. ವಿಧಾನವನ್ನು ಮುದ್ರಿಸಿ ಹಂಚಿದಾಗ ಅದು ಇನ್ನೊಂದು ತರಗತಿಯಂತಾಯಿತು. ಅಡುಗೆ ಚೆನ್ನಾಗಿಯೇ ಆಯಿತು, ಮಾತು ಮಾತ್ರ ಹುಟ್ಟಲಿಲ್ಲ. ಬೆಳಗಿನ ಹೊತ್ತು ಕೂಡ ಫಲ ಕೊಡಲಿಲ್ಲ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ.

ಕೊನೆಗೆ ಕೈಹಿಡಿದದ್ದು ಈರುಳ್ಳಿ. ಐದು ನಿಮಿಷ ಹುರಿಯಿರಿ ಎಂದು ಅಡುಗೆ ಪುಸ್ತಕಗಳು ಬರೆದರೂ, ಸಣ್ಣ ಉರಿಯಲ್ಲಿ ಅದು ನಿಜವಾಗಿ ಕೆಂಪಗಾಗಿ ಸಿಹಿಯಾಗಲು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಅಷ್ಟು ಹೊತ್ತೂ ಯಾರಾದರೂ ಬಾಣಲೆಯ ಬಳಿ ನಿಂತು ಕೈಯಾಡಿಸುತ್ತಲೇ ಇರಬೇಕಾಗುತ್ತದೆ. ಕೈಗೆ ಕೆಲಸವಿರುತ್ತದೆ, ಮನಸ್ಸಿಗೆ ಬಿಡುವಿರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಯಾರೂ ಯಾರ ಮುಖವನ್ನೂ ನೋಡಬೇಕಾಗಿರುವುದಿಲ್ಲ. ನಾನು ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ನಿಂತಿರುತ್ತೇನೆ. ಹದಿನೈದರ ಹುಡುಗನೊಬ್ಬ ಬಾಣಲೆಯ ತಳಕ್ಕೆ ಹತ್ತಿದ ಕಂದು ಪದರದ ಮೇಲೆ ಒಂದು ಚಮಚ ನೀರು ಚಿಮುಕಿಸಿ ಮರದ ಸೌಟಿನ ಅಂಚಿನಿಂದ ಕೆರೆಯುತ್ತಿದ್ದಾಗ, ತಲೆಯೆತ್ತದೆಯೇ, ತಾನು ಪರೀಕ್ಷೆಗೆ ಕೂರಲಿಲ್ಲವೆಂದು ಹೇಳಿದನು. “ಉರಿ ಸ್ವಲ್ಪ ತಗ್ಗಿಸಪ್ಪ” ಎಂದಷ್ಟೇ ಹೇಳಿದೆ. ಉರಿ ತಗ್ಗಿಸಿ, ಇನ್ನೆರಡು ಬಾರಿ ಕೈಯಾಡಿಸಿ, ಉಳಿದದ್ದನ್ನೂ ಹೇಳಿದನು. ಆ ಕ್ಷಣದಲ್ಲಿ ನಾನು ಪ್ರಶ್ನೆ ಕೇಳಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದು ಹಣ. ವಾರದ ಖರ್ಚಿಗೆ ನಿಗದಿಯಾದ ಮೊತ್ತವನ್ನು ಒಂದು ಡಬ್ಬಿಯಲ್ಲಿ ಹಾಕಿ ಮಕ್ಕಳಲ್ಲಿ ಒಬ್ಬರ ಕೈಗೆ ಕೊಡುತ್ತೇನೆ. ಏನು ಕೊಳ್ಳಬೇಕು, ಉಳಿದದ್ದನ್ನು ಏನು ಮಾಡಬೇಕು ಎಂಬುದು ಅವರ ತೀರ್ಮಾನ. ನಾನು ಎಷ್ಟು ಹೇಳಿದರೂ ಕಡಿಮೆಯಾಗದಿದ್ದ ಖರ್ಚು ಇದರಿಂದ ಮೊದಲಿನ ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಒಂದು ಕಿಲೋ ಒಣಕಾಳು ನೆನೆದು ಬೆಂದಾಗ ಎರಡೂವರೆ ಕಿಲೋದಷ್ಟಾಗುತ್ತದೆ ಎಂದು ತೂಗಿ ನೋಡಿ, ಬೇಯಿಸಿ ಡಬ್ಬಿಯಲ್ಲಿ ತುಂಬಿದ ಕಾಳನ್ನು ಕೊಳ್ಳುವುದನ್ನು ನಿಲ್ಲಿಸಿದವಳು ಗಣಿತವೆಂದರೆ ಓಡಿಹೋಗುತ್ತಿದ್ದ ಹುಡುಗಿ. ರಾಜ್ಮಾ ಕಾಳಿನ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ಕೊಡುವುದಿಲ್ಲ: ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, ಏಕೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶವು ಬರಿಯ ಸಣ್ಣ ಕಾವಿನಲ್ಲಿ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಹೊರಗಿಟ್ಟು ಮಾತಿಗೆ ಕೂರಲೂ ಬಿಡುವುದಿಲ್ಲ; ಗಂಟೆಯೊಳಗೆ ಅದು ಫ್ರಿಜ್ ಸೇರಬೇಕು. ನಿಯಮದ ಹಿಂದಿನ ಕಾರಣವನ್ನು ಪೂರ್ತಿಯಾಗಿ ಹೇಳಿದರೆ ಈ ವಯಸ್ಸಿನವರು ನಮಗಿಂತ ಕಟ್ಟುನಿಟ್ಟಾಗಿ ಅದನ್ನು ಪಾಲಿಸುತ್ತಾರೆ.

ನಡುವೆ ಮೊಟ್ಟೆಯ ಪರೀಕ್ಷೆಯೊಂದು ನಡೆಯಿತು. ಅದು ಸುಮಾರು ಒಂದು ತಿಂಗಳು ನಮ್ಮನ್ನು ಹಿಡಿದಿಟ್ಟಿತು. ಕುದಿಯುವ ನೀರಿಗೆ ಬಿಟ್ಟ ಮೊಟ್ಟೆಗಳನ್ನು 6, 8, 10, 12 ನಿಮಿಷಗಳಿಗೆ ಒಂದೊಂದಾಗಿ ತೆಗೆದು, ತಣ್ಣೀರಿನಲ್ಲಿಟ್ಟು, ಸೀಳಿ ಸಾಲಾಗಿ ಜೋಡಿಸಿದೆವು. ಇನ್ನೂ ಹೆಚ್ಚು ಬೇಯಿಸಿದ ಒಂದರಲ್ಲಿ ಹಳದಿಯ ಸುತ್ತ ಹಸಿರು ಛಾಯೆಯ ಬೂದು ಉಂಗುರ ಕಂಡಾಗ, ಅದು ಹಳದಿಯಲ್ಲಿನ ಕಬ್ಬಿಣಕ್ಕೆ ಬಿಳಿಯಲ್ಲಿನ ಗಂಧಕ ಸೇರಿ ಆದದ್ದೆಂದು ವಿವರಿಸಿದೆ. ಹೊಸ ಮೊಟ್ಟೆಗಿಂತ ವಾರ ಕಳೆದ ಮೊಟ್ಟೆಯ ಸಿಪ್ಪೆ ಸುಲಭವಾಗಿ ಬಿಡುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ಅಲ್ಲಿಯವರೆಗೆ ಮೂಲೆಯಲ್ಲಿ ನಿಲ್ಲುತ್ತಿದ್ದ ಅತಿ ಕಿರಿಯವನು ಆ ದಿನಗಳಲ್ಲಿ ಗಡಿಯಾರ ಹಿಡಿದು ಎಲ್ಲರಿಗೂ ಆಜ್ಞೆ ಕೊಡುತ್ತಿದ್ದನು.

ಚಾಕುವಿನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟುಬಿಡುತ್ತೇನೆ. ಮೊದಲ ದಿನವೇ ಹರಿತವಾದ ಚಾಕು ಕೊಡುತ್ತೇನೆ, ಬೆರಳ ತುದಿಗಳನ್ನು ಒಳಕ್ಕೆ ಮಡಚಿ ಹಿಡಿಯುವುದನ್ನು ಕಲಿಸುತ್ತೇನೆ. ಮೊಂಡು ಚಾಕುವೇ ಜಾರುವುದು. ಸಣ್ಣಪುಟ್ಟ ಗೀರುಗಳನ್ನು ಬಿಟ್ಟರೆ ಈವರೆಗೆ ಏನೂ ಆಗಿಲ್ಲ.

ಯಾರನ್ನು ಯಾರ ಜೊತೆ ಒಂದು ಬಾಣಲೆಗೆ ನಿಲ್ಲಿಸುತ್ತೇನೆ, ಪಾತ್ರೆ ತೊಳೆಯುವಾಗ ಯಾವ ಒಂದು ಮಾತನ್ನು ಎಲ್ಲರಿಗೂ ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವು ನಾನು ಬಹಳ ಸೋತು ಗಳಿಸಿಕೊಂಡವು. ಹೊಸದಾಗಿ ತೊಡಗುವವರು ಒಂದು ಒಲೆಗೆ ಇಬ್ಬರಿಗಿಂತ ಹೆಚ್ಚು ಜನರನ್ನು ನಿಲ್ಲಿಸಬಾರದು, ಮೊದಲ ಮೂರು ತಿಂಗಳು ನಾಲ್ಕೈದು ಸಾಮಗ್ರಿಗಳನ್ನು ಮೀರಬಾರದು, ಮತ್ತು ಉಪ್ಪು ಹೆಚ್ಚಾದ ದಿನವೂ ಮಕ್ಕಳು ಮಾಡಿದ್ದನ್ನು ಅವರ ಜೊತೆ ಕುಳಿತೇ ಉಣ್ಣಬೇಕು.