ಚೀಟಿ ಓದುವಷ್ಟರಲ್ಲಿ ಕುಸ್ತಿ ಮುಗಿದಿತ್ತು

ಜಾತ್ರೆ ಕುಸ್ತಿಗೆ ಮೈಕ್ ಹಿಡಿದು ಕಾಮೆಂಟರಿ ಹೇಳಲು ಶುರು ಮಾಡಿ ಈಗ 24 ವರ್ಷ. ಜಮಖಂಡಿ ಕಡೆಯ ಹಳ್ಳಿಗಳಿಂದ ಹಿಡಿದು ಬೆಳಗಾವಿಯ ಆನಂದವಾಡಿ ಅಖಾಡದವರೆಗೆ ಮಾತಾಡಿದ್ದೇನೆ. ದೊಡ್ಡ ಗಂಟಲಿದ್ದರೆ ಸಾಕು ಅಂತ ಶುರುವಿನಲ್ಲಿ ಅಂದುಕೊಂಡಿದ್ದೆ.

ಎರಡನೇ ವರ್ಷವೇ ಮರ್ಯಾದೆ ಹೋಯಿತು. ಕೊನೆಯ ಜೋಡಿ, ನಿಕಾಲಿ ಕುಸ್ತಿ, ಅಂದರೆ ಒಬ್ಬನ ಬೆನ್ನು ನೆಲಕ್ಕೆ ತಾಗಿ ಚಿತ್ ಆಗೋವರೆಗೂ ಬಿಡಿಸೋದಿಲ್ಲ. ಇಪ್ಪತ್ತು ನಿಮಿಷದಿಂದ ಇಬ್ಬರೂ ಕೊರಳಿಗೆ ಕೈ ಹಾಕಿ ತಳ್ಳಾಡುತ್ತಿದ್ದರು. ಅಷ್ಟರಲ್ಲಿ ಊರ ಹಿರಿಯರೊಬ್ಬರು ಚೀಟಿ ತಂದು ಕೈಗಿಟ್ಟರು: ಗೆದ್ದವನಿಗೆ 501 ರೂಪಾಯಿ ಇನಾಮು, ಕೊಟ್ಟವರ ಹೆಸರು, ಅವರಪ್ಪನ ಹೆಸರು, ಅಂಗಡಿ ಹೆಸರು. ತಲೆ ಬಗ್ಗಿಸಿ ಓದುತ್ತಿದ್ದೆ, ಹಲಗಿ ಜೋರಾಯಿತು, ಜನ ಎದ್ದು ನಿಂತರು, ತಲೆ ಎತ್ತಿದರೆ ಒಬ್ಬ ಮಣ್ಣಿನಲ್ಲಿ, ಇನ್ನೊಬ್ಬ ಯಾರದೋ ಹೆಗಲ ಮೇಲೆ. ಯಾವ ಡಾವ್, ಅಂದರೆ ಪಟ್ಟು, ಹಾಕಿದನೋ ನನಗೇನು ಗೊತ್ತು! ಸುಮ್ನೆ 'ಢಾಕ್' ಅಂದುಬಿಟ್ಟೆ, ಅದು ನಿಂತಲ್ಲಿಂದಲೇ ಎತ್ತಿ ಒಗೆಯೋ ಡಾವ್. ಗೆದ್ದವನು ಎದುರಾಳಿಯನ್ನು ಕೆಳಗೆ ಹಾಕಿಕೊಂಡು, ಘಿಸ್ಸಾ ಅನ್ನೋ ನೆಲದ ಡಾವ್‌ನಲ್ಲಿ ಹೊರಳಿಸಿದ್ದನಂತೆ. ಪಕ್ಕದಲ್ಲೇ ಕೂತಿದ್ದ ಮುದುಕ ಉಸ್ತಾದರು, "ತಮ್ಮಾ, ನೀ ಕುಸ್ತಿ ನೋಡಾಕ ಬಂದಿಯೋ, ಪಟ್ಟಿ ಓದಾಕ ಬಂದಿಯೋ?" ಅಂದರು. ಮೈಕ್ ಆನ್ ಇತ್ತು. ಇಡೀ ಕಣಕ್ಕೆ ಕೇಳಿಸಿತು.

ಆ ಮಳೆಗಾಲ ಪೂರ್ತಿ ಆ ಉಸ್ತಾದರ ತಾಲೀಮಿಗೇ, ಅಂದರೆ ಗರಡಿಮನೆಗೇ, ಹೋಗಿ ಕೂತೆ. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಕಲಸಿಕೊಡೋದು ನನ್ನ ಫೀಸು! ಅವರು ಹೇಳಿಕೊಟ್ಟಿದ್ದು ಒಂದೇ: ಮುಖ ನೋಡಬೇಡ, ಕಾಲು ನೋಡು. ಎತ್ತಿ ಒಗೆಯುವವನ ಕಾಲು ಮೊದಲು ತಿರುಗುತ್ತದೆ, ಕೈ ಆಮೇಲೆ. ಕಾಲು ತಿರುಗಿದ ಕೂಡಲೇ ನಾನು ಮಾತು ನಿಲ್ಲಿಸುತ್ತೇನೆ. ಆ ಹೊತ್ತಿಗೆ ಹಲಗಿ ಸಾಕು, ಅಲ್ವಾ?

ಮ್ಯಾಟ್ ಕುಸ್ತಿಗೆ ಮತ್ತೆ ಹೊಸದಾಗಿ ಕಲಿತೆ. ಅಲ್ಲಿ 3 ನಿಮಿಷದ 2 ಸುತ್ತು ಅಷ್ಟೇ. ಗ್ರೀಕೋ ರೋಮನ್‌ನಲ್ಲಂತೂ ಸೊಂಟದ ಕೆಳಗೆ ಹಿಡಿಯೋ ಹಾಗೇ ಇಲ್ಲ, 8 ಪಾಯಿಂಟ್ ಅಂತರ ಬಿತ್ತೆಂದರೆ ಆಟ ಮುಗೀತು. "ಕಾಲು ಹಿಡಿಯಂಗಿಲ್ಲಂದ್ರ ಅದೆಂಥಾ ಕುಸ್ತಿ?" ಅಂತ ಜನ ನಗುತ್ತಿದ್ದರು. ನಮ್ಮ ಬಾಗಲಕೋಟೆಯ ಅರ್ಜುನ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದದ್ದು ಇದರಲ್ಲೇ ಅಂತ ಹೇಳಿದ ಮೇಲೆ ಸುಮ್ಮನಾದರು.

ಚೀಟಿ ಈಗಲೂ ಬರುತ್ತವೆ, ಜಾಸ್ತಿಯೇ ಬರುತ್ತವೆ. ಎಲ್ಲವನ್ನೂ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಜೋಡಿ ಬಿಡಿಸಿಕೊಂಡು ಮೈಗೆ ಮಣ್ಣು ಹಚ್ಚಿಕೊಳ್ಳೋವಾಗ ಎರಡೆರಡು ಓದುತ್ತೇನೆ. ಕೊಟ್ಟವರು ಸಿಟ್ಟಾಗುತ್ತಾರೆ, ಆಗಲಿ.