ಹಳೇ ಐಪಾಡ್‌ನಿಂದ ಹಾಡುಗಳನ್ನ ಲ್ಯಾಪ್‌ಟಾಪ್‌ಗೆ ತಂದಿದ್ದು: ನನ್ನ ಅನುಭವ

ಐಪಾಡ್‌ನ ಹೊಸ ಕಂಪ್ಯೂಟರಿಗೆ ಸಿಕ್ಕಿಸಿದ ಕೂಡ್ಲೇ ಆಪಲ್‌ನ ಹಾಡಿನ ಸಾಫ್ಟ್‌ವೇರ್ ಐಟ್ಯೂನ್ಸು, ಇದು ಬೇರೆ ಲೈಬ್ರರಿ (ಅಂದ್ರೆ ಬೇರೆ ಕಂಪ್ಯೂಟರಿನ ಹಾಡಿನ ಸಂಗ್ರಹ) ಜೊತೆ ಸಿಂಕ್ ಆಗಿದೆ, ಅಳಿಸಿ ಹೊಸದಾಗಿ ಸಿಂಕ್ ಮಾಡ್ಲಾ ಅಂತ ಕೇಳುತ್ತೆ, ಅಲ್ಲಿ ಯಾವ ಕಾರಣಕ್ಕೂ ಹೂಂ ಅನ್ಬೇಡಿ. ಸ್ಟೋರಲ್ಲಿ ದುಡ್ಡು ಕೊಟ್ಟು ತಗೊಂಡ ಹಾಡು ಬಿಟ್ರೆ ಬೇರೆ ಯಾವುದನ್ನೂ ಅದು ಪ್ಲೇಯರ್‌ನಿಂದ ವಾಪಸ್ ತರಲ್ಲ, ಹೊಸ ಲೈಬ್ರರಿ ಖಾಲಿ ಇದ್ರೆ ನಿಮ್ಮ ಐಪಾಡೂ ಖಾಲಿ.

ನಂದು 160 ಜಿಬಿ ಐಪಾಡ್ ಕ್ಲಾಸಿಕ್, 2014ರಲ್ಲೇ ಆ ಮಾಡೆಲ್ ನಿಂತೋಗಿದೆ, ನನ್ನದು ಮಾತ್ರ ಇನ್ನೂ ಓಡ್ತಿದೆ. ಕೊಡಗಿನ ವಿರಾಜಪೇಟೆ ಹತ್ರ ನಮ್ಮನೆ, ಮಳೆಗಾಲದಲ್ಲಿ ಸಿಡಿಲು ಬಡಿದು ಡೆಸ್ಕ್‌ಟಾಪ್ ಸುಟ್ಟೋಯ್ತು, ಹಾರ್ಡ್‌ಡಿಸ್ಕೂ ಹೋಯ್ತು. ಸಿನಿಮಾ ಹಾಡು ಎಲ್ಲಾದ್ರೂ ಸಿಗುತ್ತೆ ಬಿಡಿ. ಆದ್ರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಟೈಮಲ್ಲಿ ನಮ್ಮ ದೊಡ್ಡಪ್ಪ ಇನ್ನು ಮೂರು ಜನರ ಜೊತೆ ದುಡಿ (ಕೈಲಿ ಹಿಡಿಯೋ ಚಿಕ್ಕ ವಾದ್ಯ) ಬಾರಿಸ್ಕೊಂಡು ಹಾಡಿದ್ದನ್ನ ನಾನೇ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಹಾಕಿದ್ದೆ, ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡೀತು, ಹಂಗಾಗಿ ಉಳಿದಿದ್ದು ಐಪಾಡಲ್ಲಿ ಮಾತ್ರ. ಆ ನಾಲ್ಕು ಜನರಲ್ಲಿ ಈಗ ದೊಡ್ಡಪ್ಪ ಒಬ್ರೇ ಇರೋದು.

ಕ್ಲಾಸಿಕ್ ಒಳಗಿರೋದು ಮಾಮೂಲಿ ಹಾರ್ಡ್‌ಡಿಸ್ಕೇ, ಅದಕ್ಕೆ ಐಟ್ಯೂನ್ಸ್ ಇಲ್ಲದ ಲ್ಯಾಪ್‌ಟಾಪಿಗೆ ಸಿಕ್ಕಿಸೋದೇ ಒಳ್ಳೇದು. ಐಟ್ಯೂನ್ಸ್ ಇದ್ರೆ ಕೇಬಲ್ ಹಾಕುವಾಗ ಶಿಫ್ಟ್, ಕಂಟ್ರೋಲ್ ಎರಡೂ ಒತ್ತಿ ಹಿಡ್ಕೊಳ್ಳಿ, ತಾನಾಗೇ ಸಿಂಕ್ ಆಗಲ್ಲ. ಡ್ರೈವ್ ಆಗಿ ಕಾಣ್ಲಿಲ್ಲಾಂದ್ರೆ ಐಪಾಡಲ್ಲಿ ಮೆನು ಮತ್ತೆ ನಡುವಿನ ಬಟನ್ ಒಟ್ಟಿಗೆ ಒತ್ತಿ, ಆಪಲ್ ಗುರುತು ಬಂದ ತಕ್ಷಣ ಬಿಟ್ಟು, ನಡುವಿನದ್ದು ಮತ್ತೆ ಪ್ಲೇ ಬಟನ್ ಹಿಡೀರಿ, ಡಿಸ್ಕ್ ಮೋಡ್‌ಗೆ ಹೋಗುತ್ತೆ. ಮ್ಯಾಕಲ್ಲಿ ಫಾರ್ಮ್ಯಾಟ್ ಆಗಿದ್ದು ಸೀದಾ ವಿಂಡೋಸಲ್ಲಿ ತೆಗೆಯಕ್ಕಾಗಲ್ಲ, ವಿಂಡೋಸಲ್ಲಿ ಆಗಿದ್ದು ಎರಡರಲ್ಲೂ ಓದುತ್ತೆ.

ಡ್ರೈವ್ ತೆಗೆದ್ರೆ ಹಾಡೇ ಕಾಣಲ್ಲ, ಗಾಬರಿ ಬೇಡ. ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೆ ಐಪಾಡ್ ಕಂಟ್ರೋಲ್ ಅನ್ನೋ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಅಂತ ಸಾಲಾಗಿ ಫೋಲ್ಡರ್‌ಗಳು, ಎಲ್ಲಾ ಅಲ್ಲೇ ಇರುತ್ತೆ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ, ಅದಕ್ಕೆ ಒಂದೊಂದೇ ಫೋಲ್ಡರ್ ಕಾಪಿ ಮಾಡ್ಕೊಂಡೆ, ಮಧ್ಯೆ ನಿಂತ್ರೂ ಎಲ್ಲಿವರೆಗೆ ಆಗಿದೆ ಅಂತ ಗೊತ್ತಾಗುತ್ತೆ.

ಫೈಲ್ ಹೆಸರು ಮಾತ್ರ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ. ಎಂಪಿ3 ಒಳಗಿನ ಟ್ಯಾಗ್ (ಹಾಡಿನ ಹೆಸರು, ಗಾಯಕರ ಹೆಸರು ಬರೆದಿರೋ ಮಾಹಿತಿ) ಹಂಗೇ ಇರೋದ್ರಿಂದ ಎಂಪಿ3ಟ್ಯಾಗ್ ಅನ್ನೋ ಫ್ರೀ ಸಾಫ್ಟ್‌ವೇರಿಗೆ ಹಾಕಿ ಗಾಯಕರ ಹೆಸರು, ಹಾಡಿನ ಹೆಸರು ಬರೋ ಹಾಗೆ ಎಲ್ಲಾ ಒಟ್ಟಿಗೆ ರಿನೇಮ್ ಮಾಡ್ದೆ. ಕಷ್ಟ ಆಗಿದ್ದು ದುಡಿ ಹಾಡುಗಳದ್ದು. ಅವು ವೇವ್ ಫೈಲು, ಅಂದ್ರೆ ಕುಗ್ಗಿಸದ ಆಡಿಯೋ, ಟ್ಯಾಗೇ ಇಲ್ಲ, ಹೆಸರೆಲ್ಲ ಐಪಾಡ್‌ನ ಡೇಟಾಬೇಸಲ್ಲಿ ಮಾತ್ರ. ಹಂಗಾಗಿ ಐಪಾಡಲ್ಲಿ ಒಂದು ಹಾಡು ಹಾಕೋದು, ಸ್ಕ್ರೀನಲ್ಲಿ ಹೆಸರು ಮತ್ತೆ ಒಟ್ಟು ಎಷ್ಟು ನಿಮಿಷ ಅಂತ ನೋಡ್ಕೊಳ್ಳೋದು, ಲ್ಯಾಪ್‌ಟಾಪಲ್ಲಿ ಲೆಂತ್ ಕಾಲಮಲ್ಲಿ ಅಷ್ಟೇ ನಿಮಿಷ ಸೆಕೆಂಡ್ ಇರೋ ಫೈಲ್ ಹುಡುಕೋದು. ಎರಡು ಒಂದೇ ಅಳತೆ ಬಂದಾಗ ದೊಡ್ಡಪ್ಪನ ಹತ್ರ ಕೇಳಿಸ್ದೆ, ಸ್ವಲ್ಪ ಕೇಳಿ "ಇದು ಐನ್‌ಮನೇಲಿ ಹಾಡಿದ್ದು ಮಗಾ, ಇನ್ನೊಂದು ಮಂದ್‌ನಲ್ಲಿ, ಗಾಳಿ ಸದ್ದು ಕೇಳು" ಅಂದ್ರು. ಐನ್‌ಮನೆ ಅಂದ್ರೆ ನಮ್ಮ ಕುಟುಂಬದ ಮೂಲ ಮನೆ, ಮಂದ್ ಅಂದ್ರೆ ಊರವರು ಸೇರೋ ಬಯಲು. ಹೌದು, ಗಾಳಿ ಸದ್ದು ಇತ್ತು, ನಾನು ಅದನ್ನ ಗಮನಿಸಿರ್ಲೇ ಇಲ್ಲ.

ಆಮೇಲೆ ಅವನ್ನೆಲ್ಲ ಫ್ಲ್ಯಾಕ್ ಅನ್ನೋ ಆಡಿಯೋ ಫಾರ್ಮ್ಯಾಟಿಗೆ ಬದಲಾಯಿಸಿ, ಹಾಡಿದ ನಾಲ್ಕೂ ಜನರ ಹೆಸರು, ಯಾರ ಮನೆ, ಯಾವ ವರ್ಷ ಅಂತ ದೊಡ್ಡಪ್ಪ ಹೇಳಿದಷ್ಟನ್ನ ಟ್ಯಾಗಲ್ಲೇ ಬರೆದೆ. ಕ್ವಾಲಿಟಿ ಒಂಚೂರೂ ಕಮ್ಮಿ ಆಗಲ್ಲ, ಜಾಗವೂ ಉಳಿಯುತ್ತೆ, ಹೆಸರು ಫೈಲಿನ ಜೊತೇಲೇ ಹೋಗುತ್ತೆ.

ಗೋಣಿಕೊಪ್ಪಲಲ್ಲಿರೋ ದೊಡ್ಡಪ್ಪನ ಮಗಳಿಗೂ ಇವು ಬೇಕಿತ್ತು. ವೇವ್ ಅಂದ್ರೆ ನಿಮಿಷಕ್ಕೆ ಸುಮಾರು 10 ಎಂಬಿ, ಫ್ಲ್ಯಾಕ್ ಮಾಡಿದ್ರೂ ನಮ್ಮ ತೋಟದ ಸಿಗ್ನಲಲ್ಲಿ ಅಪ್‌ಲೋಡ್ ಆಗೋ ಮಾತೇ ಇಲ್ಲ, ಅದಕ್ಕೆ ಐಪಾಡಲ್ಲೇ ಬೇರೆ ಫೋಲ್ಡರ್ ಮಾಡಿ ಪೆನ್‌ಡ್ರೈವ್ ತರ ತಗೊಂಡೋಗಿ ಅವಳ ಕಂಪ್ಯೂಟರಿಗೆ ಹಾಕಿ ಬಂದೆ. ಹಂಗೆ ಹಾಕಿದ್ದು ಐಪಾಡಲ್ಲಿ ಪ್ಲೇ ಆಗಲ್ಲ, ಸಾಗಿಸೋಕೆ ಮಾತ್ರ. ಐಪಾಡ್ ಟಚ್ ಇರೋರಿಗೆ ಈ ದಾರಿ ಆಗಲ್ಲ, ಅದು ಸಿಕ್ಕಿಸಿದ್ರೆ ವಿಂಡೋಸಲ್ಲಿ ಬರೀ ಫೋಟೋ ಫೋಲ್ಡರ್ ಕಾಣೋದು.