ಮಗನ ರೂಮು ಖಾಲಿ ಮಾಡಿಸಿ ಎಂದು ಓನರ್ ಫೋನ್ ಮಾಡಿದರೆ

ರಾತ್ರಿ ಒಂಬತ್ತೂವರೆಗೆ ಫೋನ್ ಬರುತ್ತದೆ. ‘ನಿಮ್ಮ ಮಗನನ್ನು ಕರ್ಕೊಂಡು ಹೋಗಿ ಮಾರಾಯ್ರೆ. ತಿಂಗಳ ಕೊನೆಗೆ ರೂಮು ಬಿಡ್ಬೇಕು.’

ಅಕ್ಕನ ಮಗನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಮೂವತ್ತು ದಾಟಿದವನು, ಮಂಗಳೂರಿನ ಕೊಟ್ಟಾರದಲ್ಲಿ ರೂಮು ಹಿಡಿದು ಒಬ್ಬನೇ ಇದ್ದ. ಈ ಫೋನ್ ಬಂದ ಮರುದಿನ ಅಕ್ಕ ಕಾರ್ಕಳದಿಂದ ಮೊದಲ ಬಸ್ಸು ಹಿಡಿದಳು. ಸಂಜೆಯೊಳಗೆ ಅವನ ಗಂಟುಮೂಟೆ ಕಟ್ಟಿ ಊರಿಗೆ ಕರೆತಂದಳು. ಓಡಿ ಹೋದದ್ದು ಸರಿ. ಗಂಟು ಕಟ್ಟಿದ್ದು ತಪ್ಪು. ಐದನೇ ದಿನ ಅವನು ಹೇಳದೆ ಕೇಳದೆ ಮಂಗಳೂರಿಗೆ ಮರಳಿದ. ರೂಮಿಗೆ ಬೇರೆ ಬೀಗ ಬಿದ್ದಿತ್ತು. ಎರಡು ರಾತ್ರಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮಲಗಿದ. ಅವತ್ತು ನಮಗೆ ಗೊತ್ತಿಲ್ಲದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜೀವ, ಆಮೇಲೆ ರೂಮು

ಸಾಯುತ್ತೇನೆ ಅನ್ನುತ್ತಿದ್ದಾನಾ? ಯಾರಿಗಾದರೂ ಹೊಡೆದಿದ್ದಾನಾ? ದಿನಗಟ್ಟಲೆ ಊಟ, ನೀರು ಬಿಟ್ಟಿದ್ದಾನಾ? ಒಂದಕ್ಕೆ ಹೌದು ಅಂತಾದರೂ ಬಾಡಿಗೆಯ ಮಾತು ಆಚೆಗಿಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ತುರ್ತಿಗೆ 112 ಅಥವಾ 108. ಏನು ಮಾಡುವುದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಾರಣವನ್ನು ಬಿಡಿಸಿ ನೋಡಿ

ಓನರ್ ಬಾಯಲ್ಲಿ ಬರುವುದು ಒಂದೇ ಮಾತು: ‘ಅವನಿಗೆ ತಲೆ ಸರಿ ಇಲ್ಲ.’ ಅದನ್ನೇ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಅಳಲೂ ಬೇಡಿ. ಬಾಡಿಗೆ ಎಷ್ಟು ತಿಂಗಳದ್ದು ಬಾಕಿ? ರಾತ್ರಿ ಬೊಬ್ಬೆ ಹಾಕುತ್ತಾನಾ, ಎಷ್ಟು ಗಂಟೆಗೆ? ಕಸ ತುಂಬಿದೆಯಾ? ನಲ್ಲಿ ತೆರೆದೇ ಬಿಡುತ್ತಾನಾ? ದೂರು ಹೇಳಿದ್ದು ಯಾರು? ಒಂದೊಂದಾಗಿ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ.

ಒಂದೊಂದಕ್ಕೂ ಔಷಧಿ ಬೇರೆ. ಬಾಡಿಗೆ ಬಾಕಿ ಇದ್ದರೆ ದುಡ್ಡನ್ನು ಮಗನ ಕೈಗೆ ಕೊಡದೆ ಸೀದಾ ಓನರ್ ಖಾತೆಗೆ ಹಾಕಿ, ರಸೀದಿ ಇಟ್ಟುಕೊಳ್ಳಿ. ಕಸಕ್ಕೆ ವಾರಕ್ಕೊಮ್ಮೆ ಬಂದು ಗುಡಿಸುವವರು ಸಾಕು. ರಾತ್ರಿಯ ಬೊಬ್ಬೆ ಹೆಚ್ಚಾಗಿ ಮಾತ್ರೆ ತಪ್ಪಿದ್ದರ, ನಿದ್ದೆ ಕೆಟ್ಟದ್ದರ ಗುರುತು. ಅದು ಡಾಕ್ಟರ ಕೆಲಸ, ಓನರ್ ಜೊತೆ ಚರ್ಚೆ ಮಾಡಿ ಪ್ರಯೋಜನವಿಲ್ಲ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆದರಿಕೆ. ನಡುರಾತ್ರಿ ಏನಾದರೂ ಆದರೆ ಯಾರನ್ನು ಕರೆಯುವುದು ಅಂತ ಓನರಿಗೆ ಗೊತ್ತಿಲ್ಲ. ರಾತ್ರಿ ಎರಡಕ್ಕೂ ಎತ್ತುವ ಒಂದು ಫೋನ್ ನಂಬರು ಅವರಿಗೆ ಕೊಡಿ. ನಮ್ಮ ಅನುಭವದಲ್ಲಿ ಅರ್ಧ ಕೋಪ ಅಲ್ಲೇ ಇಳಿಯಿತು.

ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ‘ಆರೋಗ್ಯ ಸರಿ ಇಲ್ಲ, ಚಿಕಿತ್ಸೆ ನಡೀತಾ ಇದೆ’ ಅಂದರೆ ಸಾಕು. ಅದಕ್ಕೂ ಮೊದಲು ಮಗನನ್ನು ಕೇಳಿ. ಅವನ ಬೆನ್ನ ಹಿಂದೆ ಮಾತಾಡಿದ್ದು ಗೊತ್ತಾದರೆ ಆಮೇಲೆ ಅವನು ನಿಮಗೂ ಬಾಗಿಲು ತೆರೆಯುವುದಿಲ್ಲ. ಗೋಡೆಯ ಆಚೆಯವರು ನನ್ನ ಬಗ್ಗೆಯೇ ಮಾತಾಡುತ್ತಾರೆ ಅಂದಾಗ ಹೌದು ಅನ್ನಬೇಡಿ, ಸುಳ್ಳು ಅಂತ ವಾದವೂ ಬೇಡ. ‘ನಿದ್ದೆ ಇಲ್ಲದೆ ಕಷ್ಟ ಆಗ್ತಿದೆ ಅಲ್ವಾ?’ ಇಷ್ಟು ಕೇಳಿ ನೋಡಿ.

ಬಾಯಿಮಾತು ನೋಟಿಸ್ ಅಲ್ಲ

ಮಂಗಳೂರಿನಲ್ಲಿ ಈಗಿನ ಹೆಚ್ಚಿನ ಬಾಡಿಗೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಾಗುವುದಿಲ್ಲ. ತಿಂಗಳಿಗೆ 3,500 ರೂಪಾಯಿ ದಾಟಿದರೆ ಅದು ಹೊರಗೆ. ಆಗ ಬರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಲೆಕ್ಕದ ಬಾಡಿಗೆಗೆ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಕರಾರು ಪತ್ರದಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ಲೆಕ್ಕ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ಮಾಡಿ ಎಲ್ಲೋ ಕಪಾಟಿನಲ್ಲಿ ಹಾಕಿಬಿಡುತ್ತೇವೆ. ಅದನ್ನು ಹುಡುಕಿ ಓದಿ.

ನೋಟಿಸಿನ ಅವಧಿ ಮುಗಿದರೂ ಓನರ್ ತಾನಾಗಿ ಬೀಗ ಬದಲಿಸುವ ಹಾಗಿಲ್ಲ, ಪಾತ್ರೆಪಗಡಿ ಅಂಗಳಕ್ಕೆ ಎಸೆಯುವ ಹಾಗಿಲ್ಲ. ಬಿಡಿಸಬೇಕಾದರೆ ಕೋರ್ಟಿನ ಆದೇಶ ಬೇಕು. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಜಾಗ ವಾಪಸ್ ಕೇಳಬಹುದು. ಬಸ್ ನಿಲ್ದಾಣದ ಆ ಎರಡು ರಾತ್ರಿಗಳಲ್ಲಿ ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಿ.ಜಿ.ಯಲ್ಲಿ ಇದ್ದರೆ ಮಾತ್ರ ಈ ರಕ್ಷಣೆ ಇಷ್ಟು ಗಟ್ಟಿ ಇರುವುದಿಲ್ಲ.

ಕೈಗೆ ಕಾಗದ ಬಂದ ಕೂಡಲೇ ತಾರೀಕು ಬರೆದಿಟ್ಟು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಂಗಳೂರು, ಉಡುಪಿ ಎರಡೂ ಕಡೆ ಇದೆ. ಫೋನಿನಲ್ಲಾದರೆ 15100. ಅಂಗವೈಕಲ್ಯ ಇರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರುತ್ತದೆ. ಕೋರ್ಟಿನ ಸಮನ್ಸೇ ಬಂದಿದ್ದರೆ ಮಗನ ಸ್ಥಿತಿಯನ್ನು ವಕೀಲರಿಗೆ ಮೊದಲೇ ಹೇಳಿ. ತನ್ನ ಪರವಾಗಿ ಮಾತಾಡಲಾರದಷ್ಟು ಕಷ್ಟ ಇದ್ದರೆ ಆ ಕೇಸಿನಲ್ಲಿ ಅವನ ಪರವಾಗಿ ನಿಲ್ಲಲು ಕೋರ್ಟೇ ಒಬ್ಬ ಪೋಷಕರನ್ನು (ಗಾರ್ಡಿಯನ್) ನೇಮಿಸಬೇಕು. ಹೇಳದೆ ಸುಮ್ನೆ ಗೈರುಹಾಜರಾದರೆ ತೀರ್ಪು ಏಕಪಕ್ಷೀಯವಾಗಿ ಬಂದುಬಿಡಬಹುದು.

ಒಂದು ಮಾತು. ಓನರ್ ಶತ್ರು ಅಲ್ಲ. ಕೆಳಗಿನ ಮನೆಯಲ್ಲಿ ಅವರ ಮೊಮ್ಮಗು ಮಲಗಿರುತ್ತದೆ. ಕಾನೂನು ಗೊತ್ತಿರಲಿ, ಆದರೆ ಮೊದಲ ಭೇಟಿಯಲ್ಲೇ ಸೆಕ್ಷನ್ ಹೇಳಬೇಡಿ.

ಚಿಕಿತ್ಸೆಯ ಕಡೆ

ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಖಾಸಗಿಯಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕೆ.ಎಂ.ಸಿ. ಎಲ್ಲ ಕಡೆ ಮನೋವೈದ್ಯರಿದ್ದಾರೆ. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಇವನಿಗೆ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಎಂಬ ವ್ಯವಸ್ಥೆ ಇದೆ. ಮಗ ಚೆನ್ನಾಗಿರುವ ದಿನಗಳಲ್ಲಿ ಬಿಳಿ ಹಾಳೆಯ ಮೇಲೆ ನಿಮ್ಮ ಹೆಸರು ಬರೆದು ಸಹಿ ಹಾಕಬೇಕು, ನೀವೂ ಒಪ್ಪಿಗೆಯನ್ನು ಬರೆದು ಕೊಡಬೇಕು. ಅವನಿಗೆ ಒಪ್ಪಿಗೆ ಕೊಡಲಾಗದ ಸ್ಥಿತಿ ಬಂದು ದಾಖಲಾಗಲೇಬೇಕು ಅಂತಾದರೆ ಆಸ್ಪತ್ರೆಗೆ ಅರ್ಜಿ ಕೊಡುವುದು ಈ ಪ್ರತಿನಿಧಿಯೇ. ಹಾಗೆ ದಾಖಲು ಮಾಡುವುದು ಮೊದಲ ಸಲಕ್ಕೆ ಹೆಚ್ಚೆಂದರೆ 30 ದಿನ. ಈ ಕಾಗದ ಚಿಕಿತ್ಸೆಗೆ ಮಾತ್ರ. ಅದನ್ನು ಹಿಡಿದು ಅವನ ಬಾಡಿಗೆ ಕರಾರಿಗೆ ನೀವು ಸಹಿ ಹಾಕುವಂತಿಲ್ಲ.

ಆಸ್ಪತ್ರೆಯಲ್ಲಿರುವಾಗ ರೂಮು ಹಾಗೇ ಇರಲಿ

ಎಲ್ಲರೂ ಎಡವುವುದು ಇಲ್ಲೇ. ಮಗ ವಾರ್ಡಿನಲ್ಲಿ ಇದ್ದಾನೆ, ಸುಮ್ನೆ ಬಾಡಿಗೆ ಯಾಕೆ ಅಂತ ರೂಮು ಬಿಟ್ಟುಬಿಡುತ್ತೇವೆ. ಡಿಸ್ಚಾರ್ಜ್ ಆದಾಗ ಅವನಿಗೆ ಹೋಗಲು ಜಾಗವೇ ಇಲ್ಲ. ಸಾಧ್ಯವಿದ್ದರೆ ಒಂದೆರಡು ತಿಂಗಳ ಬಾಡಿಗೆ ಕಟ್ಟಿ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಅಂತ ಕೇಳಿದರೂ ಕೆಲವರು ಒಪ್ಪುತ್ತಾರೆ. ಗುಡಿಸಿ, ಹಳಸಿದ್ದು ಎಸೆಯಿರಿ. ಆದರೆ ಅವನ ಪೇಪರ್ ಕಟ್ಟು, ತಂತಿ ಚೂರು, ಬರೆದಿಟ್ಟ ಪುಸ್ತಕ ಮುಟ್ಟಬೇಡಿ. ನಮಗೆ ರದ್ದಿ, ಅವನಿಗೆ ಲೆಕ್ಕ ಇರುತ್ತದೆ. ಅಕ್ಕ ಎಸೆದ ಒಂದು ರಟ್ಟಿನ ಪೆಟ್ಟಿಗೆಯ ವಿಷಯ ನಾಲ್ಕು ವರ್ಷ ಆದರೂ ಮುಗಿದಿಲ್ಲ.

ಸಮಯ ಸಿಕ್ಕಾಗ ಯು.ಡಿ.ಐ.ಡಿ. ಕಾರ್ಡಿಗೂ, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿಗೂ, ಅರ್ಜಿ ಹಾಕಿ. ಅಂಗವೈಕಲ್ಯ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅದೇ ಆಧಾರ. ಬಾಡಿಗೆ ಹೊತ್ತಿಗೆ ಸರಿಯಾಗಿ ಕಟ್ಟಲು ಸ್ವಲ್ಪ ಪಿಂಚಣಿಯೂ ಆಸರೆಯೇ.

ಬಿಡಲೇಬೇಕಾದರೆ ದಿನ ಕೇಳಿ

ಎಲ್ಲ ಮಾಡಿಯೂ ಕೆಲವು ಸಲ ರೂಮು ಬಿಡಬೇಕಾಗುತ್ತದೆ. ಎರಡು ವರ್ಷದ ನಂತರ ಎರಡನೇ ಓನರ್ ಕೂಡ ಖಾಲಿ ಮಾಡಿ ಅಂದರು. ಜುಲೈ ತಿಂಗಳು, ಧೋ ಮಳೆ. ತುಳು ಲೆಕ್ಕದಲ್ಲಿ ಆಟಿ, ಅದರ ಮುಂದಿನ ತಿಂಗಳು ಸೋಣ. ಈ ಸಲ ಅಕ್ಕ ಗಂಟು ಕಟ್ಟಲಿಲ್ಲ. ‘ಆಟಿಯಲ್ಲಿ ಯಾರಾದ್ರೂ ಮನೆ ಬದಲಿಸ್ತಾರಾ? ಸೋಣ ಬರ್ಲಿ’ ಅಂದಳು. ಆಟಿಯಲ್ಲಿ ಹೊಸ ಬಾಡಿಗೆಯವರೂ ಬರುವುದಿಲ್ಲ ಅಂತ ಓನರಿಗೂ ಗೊತ್ತಿತ್ತು. ಒಪ್ಪಿದರು. ಬಿಡುವ ತಾರೀಕು, ವಾಪಸ್ ಕೊಡುವ ಅಡ್ವಾನ್ಸ್ ಎರಡನ್ನೂ ಹಾಳೆಯಲ್ಲಿ ಬರೆದು ಓನರ್, ಮಗ ಇಬ್ಬರೂ ಸಹಿ ಹಾಕಿದರು.

ಆ ಒಂದು ತಿಂಗಳಲ್ಲಿ ನಿಂತಿದ್ದ ಇಂಜೆಕ್ಷನ್ ಮತ್ತೆ ಶುರುವಾಯಿತು. ಕುಂಜತ್ತಬೈಲಿನಲ್ಲಿ ನೆಲ ಅಂತಸ್ತಿನ ಒಂದು ರೂಮು ಸಿಕ್ಕಿತು, ಗೋಡೆಗೆ ತಾಗಿ ಪಕ್ಕದ ಮನೆ ಇಲ್ಲ. ಟೆಂಪೋಗೆ ಸಾಮಾನು ಅವನೇ ಹಾಕಿದ. ಎರಡನೇ ಕೀ ಅಮ್ಮನ ಕೈಯಲ್ಲಿಟ್ಟು, ‘ಇಟ್ಕೋ, ಆದ್ರೆ ಫೋನ್ ಮಾಡದೆ ಬರ್ಬೇಡ’ ಅಂದ.